ಗಣಕಯಂತ್ರ ಬದಲಿಸುವ ಮುನ್ನ ತಂತ್ರಾಂಶದ ಲೆಕ್ಕ ಹಾಕಿ

ವಿಂಡೋಸ್ 10 ಕಾರ್ಯಾಚರಣ ವ್ಯವಸ್ಥೆಗೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಉಚಿತ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ವೈಯಕ್ತಿಕ ಬಳಕೆದಾರರಿಗೆಂದು ಆಗ ಪ್ರಕಟಿಸಿದ ವಿಸ್ತೃತ ಭದ್ರತಾ ಸೌಲಭ್ಯಕ್ಕೂ 2026ರ ಅಕ್ಟೋಬರ್ 13ರ ಗಡುವು ಹಾಕಲಾಯಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಇರಬೇಕು. ಇಂಟೆಲ್ ಯಂತ್ರವಾದರೆ ಬಹುಮಟ್ಟಿಗೆ ಎಂಟನೆಯ ಪೀಳಿಗೆಯ ಅಥವಾ ಅದರ ನಂತರದ ಪ್ರೊಸೆಸರ್ ಇರಬೇಕು. ಹೀಗಾಗಿ ಇನ್ನೂ ಚೆನ್ನಾಗಿಯೇ ಓಡುತ್ತಿದ್ದ ಎಷ್ಟೋ ಯಂತ್ರಗಳು ಒಮ್ಮೆಲೇ ಹಳೆಯವಾದವು. ಅವುಗಳ ಒಡೆಯರ ಮುಂದೆ ಈಗ ನಾಲ್ಕು ದಾರಿಗಳಿವೆ: ವಿಂಡೋಸ್ 11 ಇರುವ ಮಾಮೂಲಿ ಯಂತ್ರ, ಆರ್ಮ್ ಪ್ರೊಸೆಸರ್ ಇರುವ ಹೊಸ ಬಗೆಯ ವಿಂಡೋಸ್ ಲ್ಯಾಪ್‌ಟಾಪ್, ಆಪಲ್‌ನ ಮ್ಯಾಕ್, ಇಲ್ಲವೇ ಇರುವ ಯಂತ್ರದಲ್ಲಿಯೇ ಲಿನಕ್ಸ್.

ಅಂಗಡಿಯಲ್ಲಿ ನಡೆಯುವ ಮಾತುಕತೆ ಸಾಮಾನ್ಯವಾಗಿ ಬೆಲೆ, ಪ್ರೊಸೆಸರ್, ಬ್ಯಾಟರಿ, ತೂಕಗಳ ಬಗ್ಗೆ. ತಂತ್ರಾಂಶದ ಪ್ರಶ್ನೆ ಹುಟ್ಟುವುದು ಯಂತ್ರ ಮನೆಗೆ ಬಂದ ಮೇಲೆ. ಹತ್ತು ವರ್ಷದ ಹಿಂದೆ ನುಡಿಯಲ್ಲಿ ಬೆರಳಚ್ಚು ಮಾಡಿಟ್ಟ ಕ್ರಯಪತ್ರದ ಕರಡು ತೆರೆಯದೇ ಹೋದಾಗ, ಡಿಜಿಟಲ್ ಸಹಿಯ ಟೋಕನ್ ಸಿಕ್ಕಿಸಿದರೂ ಯಂತ್ರ ಅದನ್ನು ಗುರುತಿಸದೇ ಇದ್ದಾಗ, ಟ್ಯಾಲಿ ಎಲ್ಲಿ ಎಂದು ಲೆಕ್ಕದವರು ಕೇಳಿದಾಗ. ಮೊದಲು ತಂತ್ರಾಂಶ, ಆಮೇಲೆ ಯಂತ್ರ ಎಂಬ ಕ್ರಮದಲ್ಲಿ ಯೋಚಿಸಿದರೆ ಈ ಪೇಚಾಟದ ಬಹುಭಾಗವನ್ನು ತಪ್ಪಿಸಬಹುದು. ವಿಂಡೋಸ್‌ನಿಂದ ಬೇರೆ ಬಗೆಯ ಗಣಕಕ್ಕೆ ಹೋಗಬಯಸುವ ಮನೆ, ಅಂಗಡಿ, ಕಚೇರಿಗಳವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಲೇಖನ ಸಿದ್ಧಪಡಿಸಲಾಗಿದೆ.

ಒಂದರ ತಂತ್ರಾಂಶ ಇನ್ನೊಂದರಲ್ಲಿ ಏಕೆ ಓಡುವುದಿಲ್ಲ?

ಪ್ರತಿ ತಂತ್ರಾಂಶವೂ ಎರಡು ಆಧಾರಗಳ ಮೇಲೆ ನಿಂತಿರುತ್ತದೆ. ಮೊದಲನೆಯದು ಪ್ರೊಸೆಸರ್. ಇಂಟೆಲ್ ಮತ್ತು ಎಎಂಡಿ ಪ್ರೊಸೆಸರ್‌ಗಳು ಎಕ್ಸ್86 ಎಂಬ ಆದೇಶ ಸಮೂಹವನ್ನು ಅರ್ಥಮಾಡಿಕೊಳ್ಳುತ್ತವೆ. ಆಪಲ್‌ನ ಎಂ ಸರಣಿ ಮತ್ತು ಕ್ವಾಲ್ಕಾಮ್‌ನ ಸ್ನಾಪ್‌ಡ್ರ್ಯಾಗನ್ ಎಕ್ಸ್ ಪ್ರೊಸೆಸರ್‌ಗಳ ಭಾಷೆ ಆರ್ಮ್. ಎರಡನೆಯದು ಕಾರ್ಯಾಚರಣ ವ್ಯವಸ್ಥೆ. ಕಡತ ತೆರೆ, ಕಿಟಕಿ ಬಿಡಿಸು, ಮುದ್ರಕಕ್ಕೆ ಕಳುಹಿಸು ಎಂಬ ಬೇಡಿಕೆಗಳನ್ನು ತಂತ್ರಾಂಶ ಅದಕ್ಕೆ ಸಲ್ಲಿಸುತ್ತದೆ. ವಿಂಡೋಸ್, ಮ್ಯಾಕ್ ಮತ್ತು ಲಿನಕ್ಸ್‌ಗಳಲ್ಲಿ ಈ ಬೇಡಿಕೆಗಳ ರೂಪ ಬೇರೆ ಬೇರೆ.

ಇವೆರಡರಲ್ಲಿ ಯಾವುದು ಬದಲಾದರೂ ನಡುವೆ ಒಬ್ಬ ದುಭಾಷಿ ಬೇಕು. ಮ್ಯಾಕ್‌ನಲ್ಲಿ ಇಂಟೆಲ್ ಕಾಲದ ಮ್ಯಾಕ್ ತಂತ್ರಾಂಶಗಳನ್ನು ಓಡಿಸುವ ರೊಸೆಟ್ಟಾ 2, ಆರ್ಮ್ ವಿಂಡೋಸ್‌ನಲ್ಲಿ 2024ರಿಂದ ಇರುವ ಪ್ರಿಸಂ, ಲಿನಕ್ಸ್‌ನಲ್ಲಿ ವಿಂಡೋಸ್ ತಂತ್ರಾಂಶಗಳನ್ನು ಓಡಿಸಲು ಯತ್ನಿಸುವ ವೈನ್, ಇವೆಲ್ಲ ಅಂಥ ದುಭಾಷಿಗಳು. ಆದರೆ ಮೂರೂ ಒಂದೇ ಕೆಲಸ ಮಾಡುವುದಿಲ್ಲ ಎಂಬುದನ್ನು ಗಮನಿಸಬೇಕು. ರೊಸೆಟ್ಟಾ ಮತ್ತು ಪ್ರಿಸಂ ಪ್ರೊಸೆಸರ್‌ನ ಭಾಷೆಯನ್ನು ಮಾತ್ರ ಅನುವಾದಿಸುತ್ತವೆ. ವೈನ್ ಅನುವಾದಿಸುವುದು ಕಾರ್ಯಾಚರಣ ವ್ಯವಸ್ಥೆಯ ಬೇಡಿಕೆಗಳನ್ನು. ರೊಸೆಟ್ಟಾ ಇದೆಯೆಂದು ವಿಂಡೋಸ್‌ನ ತಂತ್ರಾಂಶ ಮ್ಯಾಕ್‌ನಲ್ಲಿ ಓಡುವುದಿಲ್ಲ. ಅಂಗಡಿಯವರಲ್ಲಿಯೂ ಕೆಲವರು ಇವನ್ನು ಒಂದಕ್ಕೊಂದು ಬೆರೆಸಿ ಹೇಳುವುದುಂಟು.

ದುಭಾಷಿಗೆ ಆಯುಷ್ಯವೂ ಉಂಟು. ಆಪಲ್ ಸಂಸ್ಥೆ ಮ್ಯಾಕ್‌ನ ಪ್ರೊಸೆಸರ್ ಬಗೆಯನ್ನು ಮೂರು ಬಾರಿ ಬದಲಿಸಿದೆ: 1994ರಲ್ಲಿ ಪವರ್‌ಪಿಸಿಗೆ, 2006ರಲ್ಲಿ ಇಂಟೆಲ್‌ಗೆ, 2020ರಲ್ಲಿ ತನ್ನದೇ ಎಂ1ಗೆ. 2006ರಲ್ಲಿ ಕೊಟ್ಟ ಮೊದಲ ರೊಸೆಟ್ಟಾವನ್ನು 2011ರ ಲಯನ್ ಆವೃತ್ತಿಯಲ್ಲಿ ತೆಗೆದುಹಾಕಿತು. 2019ರ ಕ್ಯಾಟಲಿನಾ ಆವೃತ್ತಿಯಲ್ಲಿ 32 ಬಿಟ್ ತಂತ್ರಾಂಶಗಳೆಲ್ಲ ಒಮ್ಮೆಗೇ ನಿಂತುಹೋದವು. ಈಗಿನ ರೊಸೆಟ್ಟಾ 2 ಕೂಡ ಮ್ಯಾಕ್‌ಓಎಸ್ 27ರವರೆಗೆ ಮಾತ್ರ ಪೂರ್ಣವಾಗಿ ಇರುತ್ತದೆ, ಆಮೇಲೆ ಕೆಲವು ಹಳೆಯ ಆಟಗಳಿಗಷ್ಟೇ ಉಳಿಯುತ್ತದೆ ಎಂದು ಆಪಲ್ 2025ರ ಜೂನ್‌ನಲ್ಲಿ ಪ್ರಕಟಿಸಿದೆ. ಆದ್ದರಿಂದ ಮ್ಯಾಕ್‌ಗೆ ತಂತ್ರಾಂಶ ಕೊಳ್ಳುವಾಗ 'ಆಪಲ್ ಸಿಲಿಕಾನ್' ಇಲ್ಲವೇ 'ಯೂನಿವರ್ಸಲ್' ಎಂದು ನಮೂದಾಗಿದೆಯೇ ನೋಡಿ. ದುಭಾಷಿಯ ನೆರವಿನಿಂದಲೇ ಓಡಬೇಕಾದ ತಂತ್ರಾಂಶಕ್ಕೆ ಹೊಸದಾಗಿ ಹಣ ಸುರಿಯುವುದು ಜಾಣತನವಲ್ಲ.

ಪಟ್ಟಿ ಮಾಡುವ ಬಗೆ

ಈಗಿರುವ ಯಂತ್ರದಲ್ಲಿ ಏನೇನು ತಂತ್ರಾಂಶಗಳಿವೆ ಎಂದು ನೋಡಿ ಪಟ್ಟಿ ಮಾಡುವುದು ಹಲವರ ಅಭ್ಯಾಸ. ಅದರಿಂದ ಹೆಚ್ಚಿನ ಉಪಯೋಗವಿಲ್ಲ. ಅರ್ಧದಷ್ಟನ್ನು ನೀವು ಮುಟ್ಟಿಯೇ ಇರುವುದಿಲ್ಲ. ಮಾಡುವ ಕೆಲಸಗಳನ್ನು, ಉಳಿಸಿಕೊಳ್ಳಬೇಕಾದ ಕಡತಗಳನ್ನು ಮತ್ತು ಯಂತ್ರಕ್ಕೆ ಜೋಡಿಸುವ ಸಾಧನಗಳನ್ನು ಬೇರೆ ಬೇರೆಯಾಗಿ ಬರೆದುಕೊಳ್ಳಿ. ಒಂದು ತಿಂಗಳು ಮೇಜಿನ ಮೇಲೊಂದು ಪುಸ್ತಕ ಇಟ್ಟುಕೊಂಡು ಟಿಪ್ಪಣಿ ಮಾಡುವುದು ಒಳ್ಳೆಯದು. ವರ್ಷಕ್ಕೊಮ್ಮೆ ಮಾತ್ರ ಬರುವ ಕೆಲಸಗಳನ್ನು ಮರೆಯಬೇಡಿ. ಉದಾಹರಣೆಗೆ ಆದಾಯ ತೆರಿಗೆ ಇಲಾಖೆ ಒದಗಿಸುವ ಎಕ್ಸೆಲ್ ರೂಪದ ವಿವರಪಟ್ಟಿ ತಯಾರಿಕೆಯ ಕಡತಗಳು ಮ್ಯಾಕ್ರೋಗಳಿಂದ ತುಂಬಿವೆ. ಅವುಗಳಿಗೆ ವಿಂಡೋಸ್ ಮತ್ತು ಮೈಕ್ರೋಸಾಫ್ಟ್ ಎಕ್ಸೆಲ್ ಎರಡೂ ಬೇಕು. ಜಾಲತಾಣದಲ್ಲಿಯೇ ನೇರವಾಗಿ ವಿವರ ತುಂಬುವವರಿಗೆ ಮಾತ್ರ ಈ ತೊಡಕಿಲ್ಲ. ಇದು ನೆನಪಾಗುವುದು ಜುಲೈ ತಿಂಗಳಲ್ಲಿ, ಯಂತ್ರ ಬದಲಾಗಿ ಆರು ತಿಂಗಳಾದ ಮೇಲೆ.

ಪಟ್ಟಿಯ ಒಂದು ದೊಡ್ಡ ಭಾಗವನ್ನು ಬೇಗನೆ ಹೊಡೆದುಹಾಕಬಹುದು. ಫೈರ್‌ಫಾಕ್ಸ್ ಮತ್ತು ಕ್ರೋಮ್, ಹಾಡು ಮತ್ತು ಚಲನಚಿತ್ರಗಳಿಗೆ ವಿಎಲ್‌ಸಿ, ಇ-ಮೇಲ್‌ಗೆ ಥಂಡರ್‌ಬರ್ಡ್, ಚಿತ್ರಗಳಿಗೆ ಗಿಂಪ್, ವಿಡಿಯೋ ಸಭೆಗಳಿಗೆ ಜೂಮ್, ಇವೆಲ್ಲ ಮೂರೂ ವ್ಯವಸ್ಥೆಗಳಿಗೆ ಲಭ್ಯ. ಬ್ಯಾಂಕಿನ ವಹಿವಾಟು, ರೈಲು ಟಿಕೆಟ್, ಮಕ್ಕಳ ಶಾಲೆಯ ಜಾಲತಾಣ ಮುಂತಾದವು ಬ್ರೌಸರಿನಲ್ಲಿ ನಡೆಯುತ್ತವೆ. ನಿಮ್ಮ ಪಟ್ಟಿ ಇಲ್ಲಿಗೇ ಮುಗಿದರೆ ಮುಂದೆ ಓದಬೇಕಾದ ಅಗತ್ಯವೇ ಇಲ್ಲ. ಇಷ್ಟ ಬಂದ ಯಂತ್ರ ಕೊಳ್ಳಿ, ಅಥವಾ ಹಳೆಯದರಲ್ಲಿಯೇ ಲಿನಕ್ಸ್ ಹಾಕಿ.

ಕಚೇರಿ ತಂತ್ರಾಂಶಗಳು

ಮೈಕ್ರೋಸಾಫ್ಟ್ ಆಫೀಸ್ ಮ್ಯಾಕ್‌ಗೂ ಇದೆ. ಆದರೆ ಅದರಲ್ಲಿ ಆಕ್ಸೆಸ್ ಇಲ್ಲ, ಪಬ್ಲಿಷರ್ ಇಲ್ಲ. ಸದಸ್ಯರ ಪಟ್ಟಿ, ಗ್ರಂಥಾಲಯದ ದಾಖಲೆ, ಸಂಘದ ಚಂದಾ ಲೆಕ್ಕ ಮುಂತಾದವನ್ನು ಆಕ್ಸೆಸ್‌ನಲ್ಲಿ ಇಟ್ಟವರು ಹೊರಡುವ ಮುನ್ನವೇ ಅದನ್ನು ಬೇರೆ ರೂಪಕ್ಕೆ ತೆಗೆದಿಟ್ಟುಕೊಳ್ಳಬೇಕು. ಪಬ್ಲಿಷರ್‌ಗಂತೂ ವಿಂಡೋಸ್‌ನಲ್ಲಿಯೂ ಭವಿಷ್ಯವಿಲ್ಲ. 2026ರ ಅಕ್ಟೋಬರ್‌ಗೆ ಅದನ್ನು ನಿಲ್ಲಿಸುವುದಾಗಿ ಮೈಕ್ರೋಸಾಫ್ಟ್ ಪ್ರಕಟಿಸಿತು. ಆಮಂತ್ರಣ ಪತ್ರಿಕೆ, ಕರಪತ್ರಗಳನ್ನು ಅದರಲ್ಲಿ ಇಟ್ಟವರು ಎಲ್ಲವನ್ನೂ ಪಿಡಿಎಫ್ ಮಾಡಿಟ್ಟುಕೊಳ್ಳಲಿ. ಎಕ್ಸೆಲ್‌ನ ಮ್ಯಾಕ್ರೋಗಳು ಮ್ಯಾಕ್‌ನಲ್ಲಿ ಬಹುಮಟ್ಟಿಗೆ ಓಡುತ್ತವೆಯಾದರೂ ಆಕ್ಟಿವ್‌ಎಕ್ಸ್ ಗುಂಡಿಗಳನ್ನು ಬಳಸಿದವು ಓಡುವುದಿಲ್ಲ.

ಲಿನಕ್ಸ್‌ಗೆ ಮೈಕ್ರೋಸಾಫ್ಟ್ ಆಫೀಸ್ ಇಲ್ಲ. ಬ್ರೌಸರಿನಲ್ಲಿ ತೆರೆಯುವ ಆವೃತ್ತಿ ಮಾತ್ರ ಗತಿ. ಅಲ್ಲಿ ಮುಖ್ಯ ಆಯ್ಕೆ ಲಿಬ್ರೆಆಫೀಸ್. 2010ರಲ್ಲಿ ಓಪನ್‌ಆಫೀಸ್‌ನಿಂದ ಕವಲೊಡೆದ ಈ ಮುಕ್ತ ತಂತ್ರಾಂಶ ವಿಂಡೋಸ್ ಮತ್ತು ಮ್ಯಾಕ್‌ಗಳಿಗೂ ಉಚಿತವಾಗಿ ಸಿಗುತ್ತದೆ. ಸಾಮಾನ್ಯ ಪತ್ರ, ವರದಿ, ಪಟ್ಟಿಗಳಿಗೆ ಇದು ಸಾಕು. ಆದರೆ ವರ್ಡ್‌ನಲ್ಲಿ ಕೂಲಂಕಷವಾಗಿ ಪುಟ ವಿನ್ಯಾಸ ಮಾಡಿದ ಕಡತ ತೆರೆದಾಗ ಸಾಲುಗಳು ಜರುಗುತ್ತವೆ, ಕೋಷ್ಟಕಗಳು ಮುಂದಿನ ಪುಟಕ್ಕೆ ಹಾರುತ್ತವೆ. ಇದಕ್ಕೆ ಅನೇಕ ಸಂದರ್ಭಗಳಲ್ಲಿ ಕಾರಣ ಲಿಬ್ರೆಆಫೀಸ್ ಅಲ್ಲ, ಮೂಲ ಕಡತದಲ್ಲಿ ಬಳಸಿದ ಅಕ್ಷರಶೈಲಿ ಹೊಸ ಯಂತ್ರದಲ್ಲಿ ಇಲ್ಲದಿರುವುದು. ಹಾಗಾಗಿ ಇಂದೇ, ವಿಂಡೋಸ್‌ನಲ್ಲಿರುವಾಗಲೇ ಲಿಬ್ರೆಆಫೀಸ್ ಹಾಕಿಕೊಂಡು ನಿಮ್ಮ ಅತಿ ಕಷ್ಟದ ಹತ್ತು ಕಡತಗಳನ್ನು ಅದರಲ್ಲಿ ತೆರೆದು ನೋಡಿ. ಯಂತ್ರ ಬದಲಿಸುವ ಮೊದಲು ತಂತ್ರಾಂಶವನ್ನು ಬದಲಿಸುವುದು ಅತ್ಯಂತ ಅಗ್ಗದ ಪರೀಕ್ಷೆ. ಏನೂ ಸರಿಹೋಗದಿದ್ದರೆ ನಷ್ಟವಾಗುವುದು ಒಂದು ಸಂಜೆ ಮಾತ್ರ.

ಕನ್ನಡದ ಕಡತಗಳ ಗತಿ

ಕನ್ನಡದಲ್ಲಿ ಕೆಲಸ ಮಾಡುವವರಿಗೆ ನಿಜವಾದ ಸಮಸ್ಯೆ ಇರುವುದು ಇಲ್ಲಿ. ಇಂಗ್ಲಿಷಿನ ಮಾರ್ಗದರ್ಶಿಗಳಲ್ಲಿ ಇದರ ಸುಳಿವೂ ಸಿಗುವುದಿಲ್ಲ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ.

1990ರ ದಶಕದ ಗಣಕಗಳಲ್ಲಿ ಒಂದು ಅಕ್ಷರಕ್ಕೆ ಒಂದು ಬೈಟ್ ಮೀಸಲಾಗಿತ್ತು. ಅಂದರೆ ಒಟ್ಟು 256 ಮನೆಗಳು. ಮೊದಲ 128 ಮನೆಗಳಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳಿದ್ದವು. ಉಳಿದವುಗಳಲ್ಲಿ ಯೂರೋಪಿನ ಇತರ ಭಾಷೆಗಳ ಅಕ್ಷರಗಳು. ಕನ್ನಡಕ್ಕೆಂದು ಮನೆಯೇ ಇರಲಿಲ್ಲ. ಆಗಿನ ಕನ್ನಡ ತಂತ್ರಾಂಶಗಳು ಕಂಡುಕೊಂಡ ಉಪಾಯವೆಂದರೆ ಇವೇ ಮನೆಗಳಲ್ಲಿ ಕನ್ನಡ ಅಕ್ಷರಗಳ ತುಂಡುಗಳನ್ನು ಕೂರಿಸುವುದು. ನುಡಿಯ ಹಳೆಯ ಅಕ್ಷರಶೈಲಿಯಲ್ಲಿ ಇಂಗ್ಲಿಷಿನ ದೊಡ್ಡ 'ಪಿ' ಇರಬೇಕಾದ ಮನೆಯಲ್ಲಿ ತಲೆಕಟ್ಟಿಲ್ಲದ 'ಕ' ಕುಳಿತಿದೆ. ತಲೆಕಟ್ಟು ಇನ್ನೊಂದು ಮನೆಯಲ್ಲಿದೆ. ಬ್ರಿಟಿಷ್ ಪೌಂಡಿನ ಚಿಹ್ನೆಯ ಜಾಗದಲ್ಲಿ 'ನ'ದ ತುಂಡಿದೆ. ಈ ತುಂಡುಗಳನ್ನು ಸಾಲಾಗಿ ಜೋಡಿಸಿದಾಗ ಕಣ್ಣಿಗೆ 'ಕನ್ನಡ' ಎಂದು ಕಾಣುತ್ತದೆ. ಆದರೆ ಗಣಕಕ್ಕೆ ಅದು ಕನ್ನಡವೆಂದು ಗೊತ್ತಿಲ್ಲ. ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಅದೇ ಪದ 'ಪಿ'ಯಿಂದ ಶುರುವಾಗಿ ನಡುವೆ ಪೌಂಡಿನ ಚಿಹ್ನೆ ಸಿಕ್ಕಿಸಿಕೊಂಡ ಕಲಸುಮೇಲೋಗರವಾಗಿ ಕಾಣುತ್ತದೆ.

1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ಬರಹ, ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ, ಪುಣೆಯ ಮಾಡ್ಯುಲರ್ ಇನ್ಫೋಟೆಕ್‌ನ ಶ್ರೀಲಿಪಿ, ಬೆಂಗಳೂರಿನ ಸೈಬರ್‌ಸ್ಕೇಪ್‌ನ ಆಕೃತಿ, ಸೊನಾಟಾದ ಪ್ರಕಾಶಕ್ ಮುಂತಾದವು ಕನ್ನಡಿಗರ ಕಚೇರಿ ಮತ್ತು ಮುದ್ರಣಾಲಯಗಳಲ್ಲಿ ಬಹುಕಾಲ ಆಳಿದವು. ಬರಹ ಮತ್ತು ನುಡಿಗಳ ಹಳೆಯ ಅಕ್ಷರಶೈಲಿಗಳ ಸಂಕೇತ ಬಹುತೇಕ ಒಂದೇ. ಶ್ರೀಲಿಪಿ, ಆಕೃತಿಗಳದು ಬೇರೆ ಬೇರೆ. ನ್ಯಾಯಾಲಯದ ಅರ್ಜಿ, ಪಂಚಾಯಿತಿ ನಡಾವಳಿ, ಸಂಘ ಸಂಸ್ಥೆಗಳ ವರದಿ, ಪುಸ್ತಕಗಳ ಹಸ್ತಪ್ರತಿ ಎಲ್ಲವೂ ಇವುಗಳಲ್ಲಿಯೇ ಸೃಷ್ಟಿಯಾದವು. ಯುನಿಕೋಡ್ ಶಿಷ್ಟತೆಯಲ್ಲಿ ಕನ್ನಡಕ್ಕೆ ತನ್ನದೇ ಆದ 128 ಮನೆಗಳು 1991ರಷ್ಟು ಹಿಂದೆಯೇ ಮೀಸಲಾಗಿದ್ದವು. ವಿಂಡೋಸ್‌ನಲ್ಲಿ 2001ರ ಎಕ್ಸ್‌ಪಿ ಆವೃತ್ತಿಯೊಂದಿಗೆ ತುಂಗಾ ಅಕ್ಷರಶೈಲಿಯೂ ಬಂದಿತು. ಆದರೂ ಹಳೆಯ ರೂಢಿ ಬಿಡಲು ವರ್ಷಗಳೇ ಹಿಡಿದವು. ಅನೇಕ ಕಚೇರಿಗಳು ಇನ್ನೂ ಬಿಟ್ಟಿಲ್ಲ.

ಇಂಥ ಕಡತಗಳನ್ನು ಹೊಸ ಯಂತ್ರದಲ್ಲಿ ಓದಲು ಮಾತ್ರ ಸಾಕೆಂದರೆ ದಾರಿ ಸುಲಭ. ಹಳೆಯ ಯಂತ್ರದ ಅಕ್ಷರಶೈಲಿ ಕಡತಗಳನ್ನು ನಕಲು ಮಾಡಿಕೊಂಡು ಮ್ಯಾಕ್ ಅಥವಾ ಲಿನಕ್ಸ್‌ನಲ್ಲಿ ಹಾಕಿದರೆ ಬಹುತೇಕ ಕಡತಗಳು ಮೊದಲಿನಂತೆಯೇ ಕಾಣುತ್ತವೆ. ತಿದ್ದಬೇಕೆಂದರೆ ಇದು ಸಾಲದು. ಬೆರಳಚ್ಚನ್ನು ತುಂಡುಗಳಾಗಿ ಜೋಡಿಸುವ ವಿಂಡೋಸ್‌ನ ಕೀಲಿಮಣೆ ತಂತ್ರಾಂಶ ಅಲ್ಲಿರುವುದಿಲ್ಲ. ಹುಡುಕುವುದೂ ಆಗದು, ಅಕಾರಾದಿಯಾಗಿ ಜೋಡಿಸುವುದೂ ಆಗದು. ಆದ್ದರಿಂದ ಮುಂದೆಯೂ ಬಳಕೆಯಲ್ಲಿರುವ ಕಡತಗಳನ್ನು ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳುವುದೇ ಸರಿ. ಅದನ್ನು ಹಳೆಯ ಯಂತ್ರ ಕೈಯಲ್ಲಿರುವಾಗಲೇ ಮಾಡಬೇಕು. ಬರಹ ಮತ್ತು ನುಡಿ ಎರಡರ ಜೊತೆಗೂ ಪರಿವರ್ತಕಗಳು ಬರುತ್ತವೆ. ಅಂತರಜಾಲದಲ್ಲಿ ಉಚಿತ ಪರಿವರ್ತಕಗಳೂ ಇವೆ. ಗೋಪ್ಯ ದಾಖಲೆಗಳನ್ನು ಮಾತ್ರ ಯಾರದೋ ಜಾಲತಾಣಕ್ಕೆ ಅಂಟಿಸಬೇಡಿ.

ಪರಿವರ್ತನೆಯಲ್ಲಿ ಎಡವುವ ಜಾಗಗಳು ಹೆಚ್ಚುಕಡಿಮೆ ಎಲ್ಲರಿಗೂ ಒಂದೇ. ಕನ್ನಡದ ನಡುವೆ ಇರುವ ಇಂಗ್ಲಿಷ್ ಪದಗಳು ಮೊದಲನೆಯದು. ಬರಿಯ ಪಠ್ಯವನ್ನು ಮಾತ್ರ ನೋಡುವ ಪರಿವರ್ತಕಕ್ಕೆ ಯಾವುದು ಇಂಗ್ಲಿಷ್, ಯಾವುದು ಇಂಗ್ಲಿಷ್ ವೇಷದ ಕನ್ನಡ ಎಂದು ತಿಳಿಯದು. ಕಂಪನಿಗಳ ಹೆಸರು, ಇ-ಮೇಲ್ ವಿಳಾಸ, ವಾಹನದ ನೋಂದಣಿ ಸಂಖ್ಯೆ ಎಲ್ಲವೂ ಅರ್ಥವಿಲ್ಲದ ಕನ್ನಡವಾಗಿಬಿಡುತ್ತವೆ. ಎರಡನೆಯದು ಅರ್ಕಾವತ್ತು ಮತ್ತು ಒತ್ತಕ್ಷರಗಳು. ಹಳೆಯ ಸಂಕೇತದಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಬರುತ್ತದೆ, ಯುನಿಕೋಡ್‌ನಲ್ಲಿ ಉಚ್ಚಾರಣೆಯಂತೆ ಮೊದಲು ಬರಬೇಕು. ಈ ಅದಲುಬದಲಿನಲ್ಲಿ 'ಧರ್ಮ', 'ಕಾರ್ಯ'ಗಳಂಥ ಪದಗಳು ಕೆಡಬಹುದು. ಬೆರಳಚ್ಚುಗಾರರು ಅವಸರದಲ್ಲಿ ಸೊನ್ನೆ ಅಂಕಿಯನ್ನೇ ಅನುಸ್ವಾರವಾಗಿ ಬಳಸಿದ್ದರೆ ಅದನ್ನು ಯಾವ ಪರಿವರ್ತಕವೂ ಸರಿಪಡಿಸಲಾರದು. ಆಸ್ತಿ ಪತ್ರ, ವಿಲ್, ಒಪ್ಪಂದಗಳಂಥ ದಾಖಲೆಗಳನ್ನು ಪರಿವರ್ತಿಸಿದ ಮೇಲೆ ಮೂಲದ ಮುದ್ರಿತ ಪ್ರತಿಯೊಂದಿಗೆ ಸಾಲು ಸಾಲಾಗಿ ಹೋಲಿಸಿ ನೋಡದೆ ಬಳಸಬಾರದು. ಮೂಲ ಕಡತವನ್ನು ಅಳಿಸಬೇಡಿ. ಅದರ ಪಿಡಿಎಫ್ ಪ್ರತಿಯನ್ನೂ ಜೊತೆಗಿಟ್ಟುಕೊಳ್ಳಿ. ಪಿಡಿಎಫ್‌ನೊಳಗೆ ಅಕ್ಷರಶೈಲಿ ಅಡಕವಾಗಿರುವುದರಿಂದ ಯಾವ ಯಂತ್ರದಲ್ಲಿಯೂ ಸರಿಯಾಗಿ ಕಾಣುತ್ತದೆ.

ಇನ್ನು ಬೆರಳಚ್ಚಿನ ಅಭ್ಯಾಸ. ನುಡಿಯ ಕೀಲಿಮಣೆ ವಿನ್ಯಾಸ ಕೆ.ಪಿ. ರಾವ್ ಅವರು ರೂಪಿಸಿದ್ದು. ಕನ್ನಡ ನಾಡಿನ ಬೆರಳಚ್ಚುಗಾರರ ಬೆರಳುಗಳಲ್ಲಿ ಅದು ಬೇರೂರಿದೆ. ಲಿನಕ್ಸ್‌ನಲ್ಲಿ ಐಬಸ್ ವ್ಯವಸ್ಥೆಗೆ ಎಂ17ಎನ್ ಸಂಗ್ರಹವನ್ನು ಸೇರಿಸಿಕೊಂಡರೆ ಇದೇ ವಿನ್ಯಾಸ 'ಕೆಜಿಪಿ' ಎಂಬ ಹೆಸರಿನಲ್ಲಿ ಸಿಗುತ್ತದೆ. ಅಂದರೆ ಕನ್ನಡ ಗಣಕ ಪರಿಷತ್ತು. ನುಡಿಯಲ್ಲಿ ಪಳಗಿದವರಿಗೆ ಈ ವಿಷಯದಲ್ಲಿ ಮ್ಯಾಕ್‌ಗಿಂತ ಲಿನಕ್ಸ್ ಹತ್ತಿರದ ನೆಂಟ ಎಂಬುದು ಹಲವರಿಗೆ ಆಶ್ಚರ್ಯ ತರಬಹುದು. ಮ್ಯಾಕ್‌ಗೆ ಕನ್ನಡದ ಅಕ್ಷರಶೈಲಿ ಮತ್ತು ಕೀಲಿಮಣೆಗಳು 2011ರ ಲಯನ್ ಆವೃತ್ತಿಯೊಂದಿಗೆ ಬಂದವು. ಅದರಲ್ಲಿ ಇನ್‌ಸ್ಕ್ರಿಪ್ಟ್ ಮತ್ತು ಕ್ವರ್ಟಿ ವಿನ್ಯಾಸಗಳಿವೆ. ನುಡಿಯ ವಿನ್ಯಾಸವೇ ಬೇಕೆಂದರೆ ಹೊರಗಿನ ತಂತ್ರಾಂಶ ಹುಡುಕಬೇಕು. ವಿಂಡೋಸ್‌ನಲ್ಲಿ 2019ರಿಂದ ಇಂಗ್ಲಿಷ್ ಉಚ್ಚಾರಣೆಯ ಕನ್ನಡ ಕೀಲಿಮಣೆಯೂ ಸೇರಿಕೊಂಡಿದೆ. ದಿನಕ್ಕೆ ಹತ್ತು ಪುಟ ಬೆರಳಚ್ಚು ಮಾಡುವವರು ಯಂತ್ರ ಕೊಳ್ಳುವ ಮುನ್ನ ಈ ಒಂದು ವಿಷಯವನ್ನು ಸ್ವತಃ ಕುಳಿತು ಪರೀಕ್ಷಿಸಲೇಬೇಕು. ಬೇರೆಯವರ ಮಾತಿನ ಮೇಲೆ ನಂಬಿಕೆ ಇಡುವ ಸಂಗತಿ ಇದಲ್ಲ.

ಮುದ್ರಣಾಲಯಗಳ ಸ್ಥಿತಿ ಇನ್ನಷ್ಟು ಜಟಿಲ. ಅಡೋಬ್ ಸಂಸ್ಥೆಯ ಪೇಜ್‌ಮೇಕರ್ 2001ರ 7.0 ಆವೃತ್ತಿಗೇ ನಿಂತುಹೋದರೂ ಶ್ರೀಲಿಪಿಯೊಡನೆ ಅದನ್ನು ಬಳಸುವವರು ಇನ್ನೂ ಇದ್ದಾರೆ. ಅದರ ಉತ್ತರಾಧಿಕಾರಿಯಾದ ಇನ್‌ಡಿಸೈನ್‌ನಲ್ಲಿ ಯುನಿಕೋಡ್ ಕನ್ನಡಕ್ಕೆ ಬೆಂಬಲ ಬಂದದ್ದು 2012ರ ಸಿಎಸ್6 ಆವೃತ್ತಿಯಲ್ಲಿ. ಇನ್‌ಡಿಸೈನ್ ಮ್ಯಾಕ್‌ನಲ್ಲಿಯೂ ಓಡುತ್ತದೆ. ಲಿನಕ್ಸ್‌ನಲ್ಲಿ ಇಲ್ಲ, ಅಲ್ಲಿ ಸ್ಕ್ರೈಬಸ್ ಇದೆ. ಹಳೆಯ ಪೇಜ್‌ಮೇಕರ್ ಕಡತಗಳನ್ನು ಲಿಬ್ರೆಆಫೀಸ್ 2015ರ 4.4 ಆವೃತ್ತಿಯಿಂದ ತೆರೆಯಬಲ್ಲದಾದರೂ ಪುಟ ವಿನ್ಯಾಸ ಯಥಾವತ್ತಾಗಿ ಬರುತ್ತದೆಂಬ ನಿರೀಕ್ಷೆ ಬೇಡ. ಅಕ್ಷರಶೈಲಿಗಳ ಬಡತನ ಮಾತ್ರ ಈಗ ನೀಗಿದೆ. ನೋಟೋ, ತಿರೋ ಕನ್ನಡ, ಅನೇಕ್ ಕನ್ನಡ, ಬೆನ್ನೆ, ಹುಬ್ಬಳ್ಳಿ ಮುಂತಾದ ಯುನಿಕೋಡ್ ಅಕ್ಷರಶೈಲಿಗಳು ಉಚಿತವಾಗಿ ಸಿಗುತ್ತವೆ ಮತ್ತು ಎಲ್ಲ ವ್ಯವಸ್ಥೆಗಳಲ್ಲೂ ಒಂದೇ ರೀತಿ ಕೆಲಸ ಮಾಡುತ್ತವೆ.

ಲೆಕ್ಕಪತ್ರ, ಸಹಿ ಮತ್ತು ಮುದ್ರಕ

ಬೆಂಗಳೂರಿನ ಟ್ಯಾಲಿ ಸೊಲ್ಯೂಷನ್ಸ್‌ನ ಟ್ಯಾಲಿಪ್ರೈಮ್ ವಿಂಡೋಸ್‌ಗಾಗಿ ಬರೆದ ತಂತ್ರಾಂಶ. ಮ್ಯಾಕ್ ಅಥವಾ ಲಿನಕ್ಸ್‌ನಲ್ಲಿ ಅದು ಬೇಕೆಂದರೆ ಒಳಗೊಂದು ವಿಂಡೋಸ್ ಓಡಿಸಬೇಕು, ಇಲ್ಲವೇ ದೂರದ ಸರ್ವರ್‌ನಲ್ಲಿರುವ ಟ್ಯಾಲಿಯನ್ನು ಅಂತರಜಾಲದ ಮೂಲಕ ಬಳಸಬೇಕು. ಜೊಹೊ ಬುಕ್ಸ್, ಮುಕ್ತ ತಂತ್ರಾಂಶವಾದ ಇಆರ್‌ಪಿನೆಕ್ಸ್ಟ್ ಮುಂತಾದವು ಬ್ರೌಸರಿನಲ್ಲಿಯೇ ನಡೆಯುತ್ತವೆ, ಜಿಎಸ್‌ಟಿ ಲೆಕ್ಕವನ್ನೂ ನಿಭಾಯಿಸುತ್ತವೆ. ಆದರೆ ಲೆಕ್ಕಪತ್ರ ತಂತ್ರಾಂಶವನ್ನು ಯಂತ್ರದ ಸಲುವಾಗಿ ಬದಲಿಸುವುದು ಹಗ್ಗಕ್ಕಾಗಿ ಹಸು ಕೊಂಡಂತೆ. ನಿಮ್ಮ ಲೆಕ್ಕಪರಿಶೋಧಕರು ಟ್ಯಾಲಿಯ ದತ್ತಾಂಶವನ್ನೇ ಕೇಳುವವರಾದರೆ ಅಂಗಡಿಯಲ್ಲೊಂದು ವಿಂಡೋಸ್ ಯಂತ್ರ ಉಳಿಸಿಕೊಳ್ಳಿ. ಬದಲಿಸಲೇಬೇಕೆಂದಿದ್ದರೆ ಆರ್ಥಿಕ ವರ್ಷದ ಆರಂಭದಲ್ಲಿ, ಏಪ್ರಿಲ್ 1ಕ್ಕೆ ಬದಲಿಸಿ. ಹಿಂದಿನ ವರ್ಷಗಳ ಲೆಕ್ಕವನ್ನು ಎಕ್ಸೆಲ್ ಮತ್ತು ಪಿಡಿಎಫ್ ರೂಪದಲ್ಲಿ ತೆಗೆದಿಡಿ.

ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್‌ಗಳಿಗೆ ತಮ್ಮದೇ ಚಾಲಕ ತಂತ್ರಾಂಶ ಬೇಕು. ಅದರ ಜೊತೆಗೆ ಪ್ರತಿ ಇಲಾಖೆಯ ಜಾಲತಾಣವೂ ತನ್ನದೊಂದು ಸಹಿ ಉಪತಂತ್ರಾಂಶವನ್ನು ಬಳಸುತ್ತದೆ. ಇವೆರಡೂ ನಿಮ್ಮ ಹೊಸ ವ್ಯವಸ್ಥೆಗೆ ಲಭ್ಯವಿರಬೇಕು; ಒಂದಿದ್ದು ಇನ್ನೊಂದಿಲ್ಲದಿದ್ದರೆ ಪ್ರಯೋಜನವಿಲ್ಲ. ಟೋಕನ್ ಮಾರಿದವರನ್ನು ಕೇಳಿ, ಇಲಾಖೆಯ ಸಹಾಯ ಪುಟವನ್ನೂ ನೋಡಿ. ಆರ್ಮ್ ವಿಂಡೋಸ್ ಲ್ಯಾಪ್‌ಟಾಪ್ ಕೊಳ್ಳುವವರು ಇಲ್ಲಿ ವಿಶೇಷವಾಗಿ ಎಚ್ಚರವಹಿಸಬೇಕು. ಪ್ರಿಸಂ ಸಾಮಾನ್ಯ ತಂತ್ರಾಂಶಗಳನ್ನು ಅನುವಾದಿಸುತ್ತದೆಯೇ ಹೊರತು ಸಾಧನಗಳ ಚಾಲಕಗಳನ್ನಲ್ಲ. ಆರ್ಮ್‌ಗೆಂದೇ ಬರೆದ ಚಾಲಕ ಇಲ್ಲದಿದ್ದರೆ ಟೋಕನ್ ಆಗಲಿ ಹಳೆಯ ಮುದ್ರಕವಾಗಲಿ ಕೆಲಸ ಮಾಡದು. ಹೊರಗೆ ವಿಂಡೋಸ್ 11 ಎಂದೇ ಬರೆದಿರುತ್ತದೆ, ಪರದೆಯೂ ಹಾಗೆಯೇ ಕಾಣುತ್ತದೆ. ಒಳಗಿನ ವ್ಯತ್ಯಾಸ ತಿಳಿಯುವುದು ಇಂಥ ಹೊತ್ತಿನಲ್ಲಿ.

ನಮ್ಮ ಕಚೇರಿಗಳಲ್ಲಿ ಧಾರಾಳವಾಗಿ ಕಾಣುವ ಕ್ಯಾನನ್ ಎಲ್‌ಬಿಪಿ2900 ಮುದ್ರಕ ಇದಕ್ಕೊಂದು ನಿದರ್ಶನ. ಗಟ್ಟಿಮುಟ್ಟಾದ ಈ ಯಂತ್ರ ಕ್ಯಾಪ್ಟ್ ಎಂಬ ತನ್ನದೇ ಭಾಷೆಯಲ್ಲಿ ಮಾತಾಡುತ್ತದೆ. ಆ ಭಾಷೆ ಬಲ್ಲ ಚಾಲಕವಿಲ್ಲದೆ ಒಂದು ಸಾಲನ್ನೂ ಮುದ್ರಿಸದು. ಇದಕ್ಕೆ ವ್ಯತಿರಿಕ್ತವಾಗಿ ಏರ್‌ಪ್ರಿಂಟ್ ಸೌಲಭ್ಯವಿರುವ ಮುದ್ರಕಗಳಿಗೆ ಮ್ಯಾಕ್ ಮತ್ತು ಲಿನಕ್ಸ್‌ಗಳಲ್ಲಿ ಪ್ರತ್ಯೇಕ ಚಾಲಕವೇ ಬೇಡ. ಎಚ್‌ಪಿ ಮುದ್ರಕಗಳಿಗೆ ಲಿನಕ್ಸ್‌ನಲ್ಲಿ ಆ ಸಂಸ್ಥೆಯೇ ಒದಗಿಸುವ ಮುಕ್ತ ಚಾಲಕಗಳಿವೆ.

ಒಳಗೊಂದು ವಿಂಡೋಸ್

ಒಂದೆರಡು ತಂತ್ರಾಂಶಗಳಿಗಾಗಿ ಮಾತ್ರ ವಿಂಡೋಸ್ ಬೇಕಾದವರಿಗೆ ಕಲ್ಪಿತ ಯಂತ್ರದ ದಾರಿ ಇದೆ. ಅಂದರೆ ಹೊಸ ವ್ಯವಸ್ಥೆಯ ಒಂದು ಕಿಟಕಿಯೊಳಗೆ ಪೂರ್ತಿ ವಿಂಡೋಸನ್ನು ಓಡಿಸುವುದು. ಇಂಟೆಲ್ ಅಥವಾ ಎಎಂಡಿ ಯಂತ್ರದ ಲಿನಕ್ಸ್‌ನಲ್ಲಿ ವರ್ಚುಯಲ್‌ಬಾಕ್ಸ್ ಇದಕ್ಕೆ ಸಾಕು. ಆಪಲ್‌ನ ಎಂ ಸರಣಿಯ ಮ್ಯಾಕ್‌ಗಳಲ್ಲಿ ಇಂಟೆಲ್ ಕಾಲದ ಬೂಟ್ ಕ್ಯಾಂಪ್ ಇಲ್ಲ. ಪ್ಯಾರಲಲ್ಸ್ ಅಥವಾ ವಿಎಂವೇರ್ ಫ್ಯೂಷನ್ ಬಳಸಿ ಆರ್ಮ್ ವಿಂಡೋಸ್ 11 ಹಾಕಬೇಕು. ಪ್ಯಾರಲಲ್ಸ್ ಮೂಲಕ ಹೀಗೆ ಓಡಿಸುವುದಕ್ಕೆ ಮೈಕ್ರೋಸಾಫ್ಟ್ 2023ರ ಫೆಬ್ರುವರಿಯಲ್ಲಿ ಅಧಿಕೃತ ಮಾನ್ಯತೆ ನೀಡಿತು. ಫ್ಯೂಷನ್ 2024ರಿಂದ ಉಚಿತವಾಯಿತು. ಎರಡಕ್ಕೂ ವಿಂಡೋಸ್ ಪರವಾನಗಿ ಬೇರೆಯಾಗಿ ಬೇಕು. ಹಳೆಯ ಲ್ಯಾಪ್‌ಟಾಪಿನೊಂದಿಗೆ ಬಂದ ಪರವಾನಗಿ ಆ ಯಂತ್ರಕ್ಕೇ ಕಟ್ಟಿದ್ದಾಗಿರುತ್ತದೆ. ಹೀಗೆ ಬಳಸುವ ಆಲೋಚನೆ ಇದ್ದರೆ 16 ಜಿಬಿಗಿಂತ ಕಡಿಮೆ ಸ್ಮೃತಿ ಇರುವ ಮ್ಯಾಕ್ ಬೇಡ. ಆಮೇಲೆ ಹೆಚ್ಚಿಸಿಕೊಳ್ಳಲು ಅದರಲ್ಲಿ ಅವಕಾಶವಿಲ್ಲ.

ಖರ್ಚಿನ ದೃಷ್ಟಿಯಿಂದ ನೋಡಿದರೆ ಹಲವರಿಗೆ ಇದಕ್ಕಿಂತ ಸರಳ ಉಪಾಯವೆಂದರೆ ಹಳೆಯ ಯಂತ್ರವನ್ನು ಮಾರದೆ, ಅಂತರಜಾಲದಿಂದ ಬಿಡಿಸಿ, ಹಳೆಯ ಕಡತಗಳಿಗೆಂದೇ ಮೂಲೆಯಲ್ಲಿಟ್ಟುಕೊಳ್ಳುವುದು. ಹಳೆಯ ಯಂತ್ರಕ್ಕೆ ಅಂಗಡಿಯಲ್ಲಿ ಸಿಗುವ ಬೆಲೆಯಾದರೂ ಎಷ್ಟು?

ದೊಡ್ಡ ಸಂಸ್ಥೆಗಳೂ ಇದೇ ಬಗೆಯ ತಂತ್ರಾಂಶಗಳಲ್ಲಿ ಸಿಕ್ಕಿಬಿದ್ದಿವೆ. ಜರ್ಮನಿಯ ಮ್ಯೂನಿಕ್ ನಗರಾಡಳಿತ 2003ರಲ್ಲಿ ಲಿನಕ್ಸ್‌ಗೆ ಹೋಗಲು ತೀರ್ಮಾನಿಸಿ, ಹತ್ತು ವರ್ಷಗಳಲ್ಲಿ ಸುಮಾರು 15,000 ಗಣಕಗಳನ್ನು ಬದಲಿಸಿತು. 2017ರಲ್ಲಿ ಮತ್ತೆ ವಿಂಡೋಸ್‌ಗೆ ಮರಳಲು ಮತ ಹಾಕಿತು. ಇದಕ್ಕೆ ರಾಜಕೀಯ ಕಾರಣಗಳೂ ಇದ್ದವೆಂಬ ಮಾತಿದೆ. ಆದರೆ ಇಲಾಖೆಗಳ ವಿಶೇಷ ತಂತ್ರಾಂಶಗಳು ವಿಂಡೋಸನ್ನೇ ಬೇಡುತ್ತಿದ್ದುದು ಕೊನೆಯವರೆಗೂ ಕಾಡಿದ ತೊಡಕು. ನೆರೆಯ ಕೇರಳದ ಶಾಲೆಗಳಲ್ಲಿ ಲಿನಕ್ಸ್ ಗಟ್ಟಿಯಾಗಿ ನಿಂತಿದೆ. ಅಲ್ಲಿ ಗಣಕ ಶಿಕ್ಷಣದ ಪಠ್ಯವನ್ನೇ ಮುಕ್ತ ತಂತ್ರಾಂಶಗಳ ಮೇಲೆ ಕಟ್ಟಿದ್ದರಿಂದ ಹಳೆಯದನ್ನು ಹೊತ್ತು ತರುವ ಭಾರ ಇರಲಿಲ್ಲ.

ಹೊರಡುವ ಕ್ರಮ

ಲಿನಕ್ಸನ್ನು ಯಂತ್ರಕ್ಕೆ ಹಾಕದೆಯೇ ಪೆನ್‌ಡ್ರೈವ್‌ನಿಂದ ಓಡಿಸಿ ನೋಡಬಹುದು. ಉಬುಂಟು ಅಥವಾ ಮಿಂಟ್‌ನ ಕಡತವನ್ನು ಇಳಿಸಿಕೊಂಡು ಪೆನ್‌ಡ್ರೈವ್ ಸಿದ್ಧಪಡಿಸಿ, ನಿಮ್ಮ ವೈಫೈ, ಮುದ್ರಕ, ಧ್ವನಿ, ಕನ್ನಡದ ಕೀಲಿಮಣೆ ಇವು ಕೆಲಸ ಮಾಡುತ್ತವೆಯೇ ನೋಡಿ. ಉಬುಂಟುವಿನ ದೀರ್ಘಾವಧಿ ಆವೃತ್ತಿಗಳು ಎರಡು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಬರುತ್ತವೆ, ತಲಾ ಐದು ವರ್ಷ ಬೆಂಬಲ ಪಡೆಯುತ್ತವೆ. ಕೆಲಸದ ಯಂತ್ರಕ್ಕೆ ಅವೇ ಸರಿ. ಮ್ಯಾಕ್‌ನಲ್ಲಿ ಇಂಥ ಪರೀಕ್ಷೆ ಸಾಧ್ಯವಿಲ್ಲದ್ದರಿಂದ ಪರಿಚಯದವರ ಯಂತ್ರದಲ್ಲಿ ಒಂದು ಗಂಟೆ ಕುಳಿತು ನಿಮ್ಮ ಕಡತಗಳನ್ನೇ ತೆರೆದು ನೋಡುವುದು ಮೇಲು.

ತಂತ್ರಾಂಶಗಳ ಪರವಾನಗಿ ಹೊಸ ವ್ಯವಸ್ಥೆಗೆ ಸಲ್ಲುತ್ತದೆಯೇ ಎಂದು ಮೊದಲೇ ವಿಚಾರಿಸಿ. ಚಂದಾ ರೂಪದ ಮೈಕ್ರೋಸಾಫ್ಟ್ 365, ಅಡೋಬ್ ತಂತ್ರಾಂಶಗಳು ವಿಂಡೋಸ್ ಮತ್ತು ಮ್ಯಾಕ್ ಎರಡಕ್ಕೂ ಸಲ್ಲುತ್ತವೆ. ಒಮ್ಮೆಗೇ ಹಣ ಕೊಟ್ಟು ಕೊಂಡವು ಸಾಮಾನ್ಯವಾಗಿ ಒಂದೇ ವ್ಯವಸ್ಥೆಗೆ ಸೀಮಿತ. ಹಳೆಯ ಯಂತ್ರವನ್ನು ಅಳಿಸುವ ಮುನ್ನ ಅಂಥ ತಂತ್ರಾಂಶಗಳ ಸಕ್ರಿಯತೆಯನ್ನು ಅಲ್ಲಿ ರದ್ದುಗೊಳಿಸಿಕೊಳ್ಳಬೇಕು; ಇಲ್ಲವಾದರೆ ಪರವಾನಗಿ ಆ ಯಂತ್ರದ ಲೆಕ್ಕದಲ್ಲಿಯೇ ಉಳಿದುಬಿಡುತ್ತದೆ.

ಕಡತಗಳನ್ನು ಹೊರಗಿನ ಡಿಸ್ಕ್‌ನಲ್ಲಿ ಸಾಗಿಸುವವರು ಅದನ್ನು ಎಕ್ಸ್‌ಫ್ಯಾಟ್ ಮಾದರಿಯಲ್ಲಿ ಸಿದ್ಧಪಡಿಸಿಕೊಳ್ಳಲಿ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಡಿಸ್ಕನ್ನು ಮ್ಯಾಕ್ ಓದುತ್ತದೆ, ಆದರೆ ಅದರಲ್ಲಿ ಬರೆಯಲಾರದು. ಮಾದರಿ ಬದಲಿಸುವಾಗ ಡಿಸ್ಕ್‌ನಲ್ಲಿರುವುದೆಲ್ಲ ಅಳಿದುಹೋಗುವುದರಿಂದ ಖಾಲಿ ಡಿಸ್ಕ್‌ನಿಂದಲೇ ಆರಂಭಿಸಿ. ಕಡತಗಳ ಜೊತೆಗೆ ವಿಂಡೋಸ್‌ನ ಫಾಂಟ್ಸ್ ಎಂಬ ಕೋಶದಲ್ಲಿರುವ ಕನ್ನಡ ಅಕ್ಷರಶೈಲಿಗಳು, ಇ-ಮೇಲ್ ವಿಳಾಸಗಳ ಪಟ್ಟಿ, ಬ್ರೌಸರಿನಲ್ಲಿ ಉಳಿಸಿದ ಗುಪ್ತಪದಗಳು, ಬರಹ ಅಥವಾ ನುಡಿಯ ಸ್ಥಾಪನಾ ಕಡತ ಇವನ್ನೂ ನಕಲು ಮಾಡಿಕೊಳ್ಳಿ. ಎರಡು ಪ್ರತಿಗಳನ್ನು ಮಾಡಿ ಬೇರೆ ಬೇರೆ ಕಡೆ ಇಡಿ. ಹಳೆಯ ಯಂತ್ರದ ಡಿಸ್ಕನ್ನು ಅಳಿಸುವ ಕೆಲಸವನ್ನು ಕನಿಷ್ಠ ಒಂದು ತೆರಿಗೆ ವರ್ಷ ಕಳೆಯುವವರೆಗೆ ಮುಂದೂಡುವುದು ಕ್ಷೇಮ.